ಹಬ್ಬಕ್ಕೆ ಬೆಕ್ಕಿಗೇನು ಉಡುಗೊರೆ? ಹಾಲು, ಪೇಡ, ರಿಬ್ಬನ್ನಿಗಿಂತ ಖಾಲಿ ರಟ್ಟಿನ ಡಬ್ಬವೇ ವಾಸಿ

ದೀಪಾವಳಿ ಹತ್ತಿರವಾದಂತೆ ‘ಮನೆಯ ಬೆಕ್ಕಿಗೂ ಹಬ್ಬ ಮಾಡಿ’ ಎನ್ನುವ ಫಾರ್ವರ್ಡ್‌ಗಳು ಮೊಬೈಲಿಗೆ ಬರತೊಡಗುತ್ತವೆ. ಜೊತೆಗೊಂದು ಫೋಟೊ: ಕುತ್ತಿಗೆಯಲ್ಲಿ ರಿಬ್ಬನ್, ಎದುರಿಗೆ ಬಟ್ಟಲು ತುಂಬ ಹಾಲು, ಪಕ್ಕದಲ್ಲೊಂದು ಪೇಡ. ಯಡಿಯೂರು, ಜಯನಗರ, ಬನಶಂಕರಿಯ ಮನೆಗಳಲ್ಲಿ ಅಂಗಳ ಕಾಣದೆ ಮನೆಯೊಳಗೇ ಬೆಳೆಯುವ ಬೆಕ್ಕುಗಳಿವೆ. ಅವುಗಳಿಗೆ ನಾವು ಕೊಟ್ಟಿದ್ದೇ ಪ್ರಪಂಚ. ಹಾಗಾದರೆ ಆ ಫೋಟೊದಲ್ಲಿ ಬೆಕ್ಕಿಗೆ ಬೇಕಾದದ್ದು ಯಾವುದು? ಒಂದೂ ಇಲ್ಲ. ಏಕೆಂದು ನೋಡೋಣ.

ಬೆಕ್ಕಿಗೆ ಹಾಲೇ ಇಷ್ಟವಲ್ಲವೇ?

ತೆನಾಲಿ ರಾಮಕೃಷ್ಣನ ಕಥೆಯಿಂದ ಹಿಡಿದು ಗಾದೆಗಳವರೆಗೆ ಬೆಕ್ಕು ಎಂದರೆ ಹಾಲು. ಇಷ್ಟಪಟ್ಟು ಕುಡಿಯುವುದು ನಿಜ. ಆದರೆ ತಾಯಿಯ ಹಾಲು ಬಿಟ್ಟ ಮೇಲೆ, ಹಾಲಿನ ಸಕ್ಕರೆಯನ್ನು ಜೀರ್ಣಿಸುವ ಲ್ಯಾಕ್ಟೇಸ್ ಎಂಬ ಕಿಣ್ವ ಹೆಚ್ಚಿನ ಬೆಕ್ಕುಗಳಲ್ಲಿ ಕಡಿಮೆಯಾಗುತ್ತದೆ. ಬಟ್ಟಲು ತುಂಬ ಹಸುವಿನ ಹಾಲು ಕೊಟ್ಟರೆ ಹೊಟ್ಟೆ ಉಬ್ಬರ, ಭೇದಿ ಆಗಬಹುದು.

ಸಿಹಿಯ ರುಚಿಯಂತೂ ಬೆಕ್ಕಿಗೆ ತಿಳಿಯುವುದೇ ಇಲ್ಲ. ಸಿಹಿಯನ್ನು ಗುರುತಿಸಲು ಬೇಕಾದ ಒಂದು ಜೀನ್ ಬೆಕ್ಕಿನ ಜಾತಿಯಲ್ಲಿ ಕೆಲಸ ಮಾಡುವುದಿಲ್ಲ ಎಂದು ಅಮೆರಿಕದ ಮೊನೆಲ್ ಸಂಸ್ಥೆಯ ವಿಜ್ಞಾನಿಗಳು 2005ರಲ್ಲಿ ತೋರಿಸಿದರು. ಪೇಡವನ್ನು ನೆಕ್ಕಿದರೆ ಅದು ಹಾಲಿನ ಕೊಬ್ಬಿನ ಆಸೆಗೆ, ಸಕ್ಕರೆಗಲ್ಲ. ಚಾಕೊಲೇಟ್ ಅಂತೂ ಬೆಕ್ಕಿಗೆ ವಿಷ.

ದಾರ ಏಕೆ ಅಪಾಯ?

ಹಬ್ಬದ ಮನೆಯಲ್ಲಿ ರಿಬ್ಬನ್, ಜರಿ, ಮಲ್ಲಿಗೆ ಮಾಲೆ ಎಲ್ಲೆಡೆ ಬಿದ್ದಿರುತ್ತವೆ. ಬೆಕ್ಕಿನ ನಾಲಿಗೆಯ ಮೇಲಿನ ಮುಳ್ಳುಗಳು ಗಂಟಲಿನ ಕಡೆಗೆ ಬಾಗಿರುತ್ತವೆ. ಬಾಯಿಗೆ ಹೋದ ದಾರವನ್ನು ಉಗುಳುವುದು ಕಷ್ಟ, ನುಂಗುವುದೇ ಸುಲಭ. ದಾರದ ಒಂದು ತುದಿ ನಾಲಿಗೆಯ ಬುಡದಲ್ಲೋ ಹೊಟ್ಟೆಯಲ್ಲೋ ಸಿಕ್ಕಿಕೊಂಡು ಇನ್ನೊಂದು ತುದಿ ಕರುಳಿಗೆ ಇಳಿದರೆ, ಲಾಡಿ ಎಳೆದ ಪೈಜಾಮದಂತೆ ಕರುಳು ನೆರಿಗೆಗಟ್ಟುತ್ತದೆ. ಬಿಗಿಯಾದ ದಾರ ಕರುಳನ್ನೇ ಕೊಯ್ಯಬಹುದು. ಆಗ ಶಸ್ತ್ರಚಿಕಿತ್ಸೆ ಮಾಡದಿದ್ದರೆ ಜೀವ ಉಳಿಯುವುದು ಕಷ್ಟ.

ಬಾಯಿಂದಲೋ ಗುದದ್ವಾರದಿಂದಲೋ ದಾರ ನೇತಾಡುತ್ತಿದ್ದರೆ ಎಳೆಯಬೇಡಿ. ಪದೇ ಪದೇ ವಾಂತಿ, ಊಟ ಬಿಡುವುದು, ಮೂಲೆ ಸೇರುವುದು ಕಂಡರೆ ‘ನಾಳೆ ನೋಡೋಣ’ ಎನ್ನದೆ ಅಂದೇ ಪಶುವೈದ್ಯರಲ್ಲಿಗೆ ಹೋಗಿ.

ನೆಂಟರು ತರುವ ಬೊಕೆಯಲ್ಲಿ ಲಿಲ್ಲಿ ಇದ್ದರೆ ಅದನ್ನು ಮನೆಯಿಂದ ಹೊರಗಿಡಿ. ನಿಜವಾದ ಲಿಲ್ಲಿಯ ಎಲೆ, ಹೂವು, ಪರಾಗ, ಹೂದಾನಿಯ ನೀರು ಎಲ್ಲವೂ ಬೆಕ್ಕಿನ ಮೂತ್ರಪಿಂಡವನ್ನು ಕೆಡಿಸುತ್ತವೆ. ಮೈಗೆ ಅಂಟಿದ ಪರಾಗವನ್ನು ನೆಕ್ಕಿಕೊಂಡರೂ ಸಾಕು.

ಹಾಗಾದರೆ ಏನು ಕೊಡಬೇಕು?

• ರಟ್ಟಿನ ಡಬ್ಬ: ಮಿಕ್ಸಿಯೋ ಕುಕ್ಕರೋ ಬಂದ ಡಬ್ಬದ ಪಿನ್ನು, ಟೇಪು ತೆಗೆದು ನೆಲದ ಮೇಲಿಡಿ. ಬೆಕ್ಕಿಗೆ ಅಡಗಿ ಕೂರಲು ಜಾಗ ಬೇಕು.

• ಪರಚುವ ಕಂಬ: ಗಟ್ಟಿಯಾಗಿ ನಿಲ್ಲುವ ಮರದ ತುಂಡಿಗೆ ಗೋಣಿಚೀಲವನ್ನು ಬಿಗಿಯಾಗಿ ಸುತ್ತಿ. ನಾರು ಕಿತ್ತು ಬಂದರೆ ಬದಲಿಸಿ. ಉಗುರಿನ ಹಳೆಯ ಪದರ ಉದುರಿಸಲು, ತನ್ನ ವಾಸನೆ ಬಿಡಲು ಬೆಕ್ಕು ಪರಚುತ್ತದೆ. ಸೋಫಾ ಉಳಿಯುತ್ತದೆ.

• ಆಟ: ದಿನಕ್ಕೆರಡು ಸಲ ಹತ್ತು ನಿಮಿಷ ಕಾಗದದ ಉಂಡೆ ಎಸೆದು ಬೇಟೆಯಾಡಿಸಿ, ಆಮೇಲೆ ಊಟ ಕೊಡಿ.

• ತಿಂಡಿ: ಮನೆಯಲ್ಲಿ ಮಾಂಸ ಮಾಡುವವರು ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಹಾಕದೆ ಬೇಯಿಸಿದ ಮೂಳೆಯಿಲ್ಲದ ಕೋಳಿಯ ಚೂರು ಕೊಡಬಹುದು. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನು ಹಾಳುಮಾಡುತ್ತವೆ.

• ಪಟಾಕಿಯ ರಾತ್ರಿಗೆ ಒಂದು ಮೂಲೆ: ನಮ್ಮ ಕಿವಿ ಸುಮಾರು 20,000 ಹರ್ಟ್ಜ್‌ವರೆಗಿನ ಶಬ್ದ ಕೇಳಿದರೆ ಬೆಕ್ಕಿನದು 60,000 ದಾಟುತ್ತದೆ. ಕಿಟಕಿ ಮುಚ್ಚಿದ ಒಳಕೋಣೆಯಲ್ಲಿ ಅದೇ ಡಬ್ಬ, ಹಳೆಯ ಬೆಡ್‌ಶೀಟು, ನೀರು, ಮಣ್ಣಿನ ಟ್ರೇ ಇಡಿ. ಅವಿತುಕೊಂಡರೆ ಎಳೆದು ತರಬೇಡಿ.

ಹಬ್ಬದ ದಿನ ಕ್ಲಿನಿಕ್‌ಗಳು ಮುಚ್ಚಿರಬಹುದು. ಪಶುವೈದ್ಯಕೀಯ ಕಾಲೇಜು ಇರುವ ಹೆಬ್ಬಾಳ ಯಡಿಯೂರಿನಿಂದ ಊರಿನ ಇನ್ನೊಂದು ತುದಿ. ಆದ್ದರಿಂದ ಹತ್ತಿರದಲ್ಲಿ ರಜೆಯಲ್ಲೂ ಸಿಗುವ ಪಶುವೈದ್ಯರ ನಂಬರನ್ನು ಇವತ್ತೇ ಮೊಬೈಲಿನಲ್ಲಿ ಉಳಿಸಿಕೊಳ್ಳಿ.

ರಿಬ್ಬನ್ ಕಟ್ಟಿದ ಬೆಕ್ಕಿನ ಫೋಟೊ ಮತ್ತೆ ಬಂದರೆ, ಮುಂದಕ್ಕೆ ಕಳಿಸುವ ಬದಲು ಒಂದು ಸಾಲು ಬರೆದು ಕಳಿಸಿ: ‘ದಾರ ಎತ್ತಿಡಿ, ಡಬ್ಬ ಕೊಡಿ.’