ಗೇರುಹಣ್ಣಿನ ರಸ ಮುಖಕ್ಕೇಕೆ?



ಗೇರಿನ ಹಂಗಾಮಿನಲ್ಲಿ ಕೆಲವು ತಾಯಂದಿರು ಕೇಳುವುದುಂಟು: “ಫಾದರ್, ಗೇರುಹಣ್ಣಿನ ರಸ ಹಚ್ಚಿದರೆ ಮುಖ ಬೆಳ್ಳಗಾಗುತ್ತದಂತೆ, ಹೌದೇ?” ಈ ಮಾತು ಪೂರ್ತಿ ಸುಳ್ಳಲ್ಲ. ಅದಕ್ಕೇ ಅಪಾಯ ಹೆಚ್ಚು.

ಬದನೆಕಾಯಿ ಹೆಚ್ಚಿಟ್ಟರೆ ಕಪ್ಪಾಗುತ್ತದಲ್ಲವೇ? ಅದು ತಾಮ್ರದ ಅಂಶವುಳ್ಳ ಒಂದು ಕಿಣ್ವದ ಕೆಲಸ. ಅದರ ಸಂಬಂಧಿಯಾದ ಟೈರೋಸಿನೇಸ್ ನಮ್ಮ ಚರ್ಮದಲ್ಲಿದ್ದು, ಮೆಲನಿನ್ ಎಂಬ ಬಣ್ಣದ ತಯಾರಿಕೆಯನ್ನು ಆರಂಭಿಸುತ್ತದೆ. 1994ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇಸಾವೊ ಕುಬೊ ಮತ್ತು ಸಂಗಡಿಗರು ಗೇರುಹಣ್ಣಿನಿಂದ ಅನಾಕಾರ್ಡಿಕ್ ಆಮ್ಲ, ಕಾರ್ಡಾಲ್ ಮುಂತಾದವನ್ನು ಬೇರ್ಪಡಿಸಿ, ಅವು ಈ ಕಿಣ್ವವನ್ನು ತಡೆಯುತ್ತವೆಂದು ತೋರಿಸಿದರು. ಆದರೆ ಪರೀಕ್ಷೆ ನಡೆದದ್ದು ಅಣಬೆಯ ಕಿಣ್ವದ ಮೇಲೆ, ಪ್ರಯೋಗಶಾಲೆಯಲ್ಲಿ. ಯಾರ ಕೆನ್ನೆಯ ಮೇಲೂ ಅಲ್ಲ.

ಇದೇ ಅನಾಕಾರ್ಡಿಕ್ ಆಮ್ಲ, ಇದೇ ಕಾರ್ಡಾಲ್ ಗೇರುಬೀಜದ ಸಿಪ್ಪೆಯ ಎಣ್ಣೆಯಲ್ಲಿ ತುಂಬಿಕೊಂಡಿವೆ. ಆ ಎಣ್ಣೆ ತಾಗಿದರೆ ಏನಾಗುವುದೆಂದು ಬೀಜ ಸುಲಿಯುವ ಹೆಂಗಸರಿಗೆ ನಾನು ಹೇಳಬೇಕಿಲ್ಲ. ಸುಟ್ಟ ಚರ್ಮ ಮಾಗಿದ ಮೇಲೆ ಅನೇಕರಿಗೆ ಉಳಿಯುವುದು ಮೊದಲಿಗಿಂತ ಕಪ್ಪಾದ ಕಲೆ. ಲಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಇಳಿದವರಿಗೂ ಇದೇ ಗತಿ ಬರಬಹುದು.

“ಗಿಡದ್ದು ತಾನೇ, ಏನೂ ಆಗುವುದಿಲ್ಲ” ಎನ್ನುವವರು ಜಪಾನಿನ ಸಂಗತಿ ಕೇಳಿರಿ. ಕೆಲವು ಮರಗಳ ತೊಗಟೆಯಲ್ಲಿ ಸಿಗುವ ರೊಡೊಡೆಂಡ್ರಾಲ್ ಎಂಬ ಪದಾರ್ಥವೂ ಟೈರೋಸಿನೇಸನ್ನು ತಡೆಯುತ್ತದೆ. ಅದನ್ನು ಬೆರೆಸಿದ ಕ್ರೀಮುಗಳನ್ನು ಕಾನೆಬೊ ಕಂಪನಿ 2013ರ ಜುಲೈಯಲ್ಲಿ ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಬೇಕಾಯಿತು. 18,000ಕ್ಕೂ ಹೆಚ್ಚು ಜನರ ಮುಖ, ಕುತ್ತಿಗೆ, ಕೈಗಳ ಮೇಲೆ ತೊನ್ನಿನಂತಹ ಬಿಳಿ ಮಚ್ಚೆಗಳು ಎದ್ದಿದ್ದವು. ದೊಡ್ಡ ಕಂಪನಿಯ ಪಾಡೇ ಹೀಗಾದರೆ, ಅಡಿಗೆಮನೆಯಲ್ಲಿ ಹಿಂಡಿದ ರಸಕ್ಕೆ ಅಳತೆ ಯಾರು ಹೇಳುವರು?

ಹೆಣ್ಣು ನೋಡಲು ಬಂದವರು ಬಣ್ಣದ ಮಾತೆತ್ತುತ್ತಾರೆಂಬುದು ನನಗೆ ಗೊತ್ತು. ಆ ಮಾತಿಗೆ ಉತ್ತರ ಕೊಡಬೇಕಾದವರು ತಂದೆತಾಯಿ, ಮಗಳ ಚರ್ಮವಲ್ಲ. ಖಾಜಣದ ಗದ್ದೆಯಲ್ಲಿ ಬಾಗಿ ದುಡಿಯುವವಳಿಗೆ ಮೆಲನಿನ್ ಕೊಡೆಯಿದ್ದಂತೆ. ಕೊಡೆ ಕಿತ್ತೆಸೆದು ಬಿಸಿಲಿಗೆ ಕಳುಹಿಸುವುದು ಯಾವ ನ್ಯಾಯ?

ಅಂಗಡಿಯಲ್ಲಿ ಕೇಳಿ ತರುವ ಸ್ಟೀರಾಯ್ಡ್ ಟ್ಯೂಬಂತೂ ಇನ್ನೂ ಕೆಟ್ಟದ್ದು. ಹಚ್ಚುತ್ತಾ ಹೋದರೆ ಚರ್ಮ ತೆಳುವಾಗುತ್ತದೆ. ಇಂಥ 14 ಔಷಧಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲೇ ಆದೇಶಿಸಿದೆ.

ಮುಖದಲ್ಲಿ ಬಂಗು ಎದ್ದಿದ್ದರೆ ಗದ್ದೆಗೆ ಇಳಿಯುವಾಗ ಸೆರಗನ್ನೋ ಅಗಲ ಟೋಪಿಯನ್ನೋ ಮರೆಮಾಡಿಕೊಳ್ಳಿರಿ. ಹಾಗೆಯೇ ಬಾಂಬೊಳಿಯ ಗೋವಾ ಮೆಡಿಕಲ್ ಕಾಲೇಜಿನ ಚರ್ಮರೋಗ ವಿಭಾಗದಲ್ಲಿ ತೋರಿಸಿರಿ. ಈಗಾಗಲೇ ಏನಾದರೂ ಹಚ್ಚಿದ್ದರೆ ಆ ಟ್ಯೂಬನ್ನೂ ಜೊತೆಗೆ ಒಯ್ಯಿರಿ.