ಗೋಡೆಗೆ ಎಷ್ಟು ಹೊಳಪು ಬೇಕು?

ಮನೆಗೆ ಬಣ್ಣ ಬಳಿಸುವ ಪ್ರಸಂಗ ಒದಗಿದಾಗ ನಮ್ಮಲ್ಲಿ ನಡೆಯುವ ಚರ್ಚೆಯೆಲ್ಲವೂ ವರ್ಣವನ್ನು ಕುರಿತದ್ದೇ ಆಗಿರುತ್ತದೆ. ತಿಳಿಹಳದಿಯೋ ತಿಳಿನೀಲಿಯೋ ಎಂದು ನಿರ್ಣಯಿಸಲು ವಾರಗಟ್ಟಲೆ ಶೇಡ್ ಕಾರ್ಡು ತಿರುವಿಹಾಕುವ ಗೃಹಸ್ಥರು, ಆ ಬಣ್ಣಕ್ಕೆ ಹೊಳಪು ಎಷ್ಟಿರಬೇಕೆಂಬ ಪ್ರಶ್ನೆಯನ್ನು ಅಂಗಡಿಯವರ ಮಾತಿಗೆ ಬಿಟ್ಟುಬಿಡುತ್ತಾರೆ. ಅಲ್ಲಿಯಾದರೋ ಹೆಚ್ಚು ಹೊಳೆಯುವುದೇ ಶ್ರೇಷ್ಠವೆಂದು ಹೊಗಳುವುದು ವಾಡಿಕೆ. ಈ ವಾಡಿಕೆಯನ್ನು ನಾನು ಒಪ್ಪಲಾರೆ.

ವರ್ಣದ ಪುಡಿಯೂ ಅದನ್ನು ಗೋಡೆಗೆ ಹಿಡಿದು ನಿಲ್ಲಿಸುವ ಅಂಟೂ ಕೂಡಿ ಬಣ್ಣವಾಗುತ್ತದಷ್ಟೆ. ಪುಡಿಯ ಅಂಶ ಮಿಗಿಲಾದಲ್ಲಿ ಮೇಲ್ಮೈ ಸೂಕ್ಷ್ಮವಾಗಿ ಒರಟಾಗಿಯೇ ಉಳಿದು ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುತ್ತದೆ, ಅದು ಮ್ಯಾಟ್. ಅಂಟು ಮಿಗಿಲಾದಲ್ಲಿ ನುಣುಪಾದ ಪೊರೆಯುಂಟಾಗಿ ಬೆಳಕು ಕನ್ನಡಿಯಲ್ಲೆಂಬಂತೆ ಪ್ರತಿಫಲಿಸುತ್ತದೆ; ಅದು ಗ್ಲಾಸಿ. ಇವೆರಡರ ನಡುವಣ ಮಂದವಾದ ಹೊಳಪೇ ಸ್ಯಾಟಿನ್. ಆದಕಾರಣ ಹೊಳೆಯುವ ಗೋಡೆಯನ್ನು ಒದ್ದೆಬಟ್ಟೆಯಿಂದ ಸುಲಭವಾಗಿ ಒರೆಸಬಹುದಾದರೂ, ಗಾರೆಯ ಒಂದೊಂದು ಉಬ್ಬುತಗ್ಗೂ ಪುಟ್ಟಿ ಹಚ್ಚಿದ ಒಂದೊಂದು ಗುರುತೂ ಕಿಟಕಿಯ ಓರೆಬಿಸಿಲಿನಲ್ಲಿ ಎದ್ದು ಕಾಣದೆ ಇರದು.

ಒಗ್ಗರಣೆಯ ಹೊಗೆಯೂ ಎಣ್ಣೆಯ ಜಿಡ್ಡೂ ನಿತ್ಯ ಅಂಟುವ ಅಡುಗೆಮನೆಗೆ, ಮಕ್ಕಳ ಕೈ ತಗಲುವ ಓಣಿಗೋಡೆಗೆ ಸ್ಯಾಟಿನ್ ಯುಕ್ತ. ವಿಶ್ರಾಂತಿಗೆಂದಿರುವ ಮಲಗುವ ಕೋಣೆಗೂ ನಡುಮನೆಗೂ ಮ್ಯಾಟ್ ಸಾಕು, ಸೂರಿಗಂತೂ ಬೇರೇನೂ ಬೇಡ. ಎನಾಮೆಲ್ಲಿನ ಪೂರ್ಣ ಹೊಳಪು ಬಾಗಿಲು, ಕಿಟಕಿ, ಕಬ್ಬಿಣದ ಸರಳುಗಳಿಗೆ ಮೀಸಲಾಗಿರಲಿ.

ಆದರೆ ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಉಳಿದಿರುವ ಸುಣ್ಣಗಾರೆಯ ಹಳೆಯ ಮನೆಗಳ ವಿಷಯವೇ ಬೇರೆ. ಬಳಿದ ಸುಣ್ಣ ಗಾಳಿಯ ಇಂಗಾಲದ ಡೈ ಆಕ್ಸೈಡನ್ನು ಹೀರಿ ಮರಳಿ ಕಲ್ಲಾಗುತ್ತದೆ. ಆದರೂ ಅದರ ಸೂಕ್ಷ್ಮರಂಧ್ರಗಳು ಮುಚ್ಚದಿರುವುದರಿಂದ ಮಳೆಗಾಲದಲ್ಲಿ ಗೋಡೆ ಕುಡಿದ ತೇವ ಬೇಸಗೆಯಲ್ಲಿ ನಿರಾತಂಕವಾಗಿ ಆರಿಹೋಗುತ್ತದೆ, ಹೊಸ ಸುಣ್ಣದ ಕ್ಷಾರಗುಣದಿಂದ ಬೂಷ್ಟೂ ಸುಲಭವಾಗಿ ಹಿಡಿಯದು. ಇಂಥ ಗೋಡೆಯ ಮೇಲೆ, ನವೀನತೆಯ ಮೋಹಕ್ಕೆ ಸಿಕ್ಕಿ, ಎನಾಮೆಲ್ಲನ್ನೋ ಹೊಳೆಯುವ ಎಮಲ್ಷನ್ನನ್ನೋ ಬಳಿದೆವಾದರೆ ಒಳಗಿನ ತೇವಕ್ಕೆ ಹೊರದಾರಿ ತಪ್ಪಿ, ಬಣ್ಣ ಗುಳ್ಳೆಯೆದ್ದು ಚಕ್ಕೆಚಕ್ಕೆಯಾಗಿ ಕಳಚುವುದಲ್ಲದೆ, ಎಷ್ಟೋ ವೇಳೆ ಗಾರೆಯನ್ನೂ ತನ್ನೊಡನೆ ಕಿತ್ತು ತರುತ್ತದೆ. ಪೂರ್ವಿಕರು ವರ್ಷವರ್ಷವೂ ಸುಣ್ಣ ಬಳಿಸುತ್ತಿದ್ದುದನ್ನು ಕೇವಲ ಬಡತನದ ಲಕ್ಷಣವೆಂದು ಭಾವಿಸಿದವರು ಆ ಗೋಡೆಗಳ ಸ್ವಭಾವವನ್ನು ಅರಿಯದವರು. ಅಂಥ ಮನೆಗೆ ಇಂದಿಗೂ ಸುಣ್ಣವೇ ಸರಿ.

ಬಣ್ಣದ ಡಬ್ಬಿ ಕೊಳ್ಳುವ ಮೊದಲು ಗೋಡೆಯ ತೇವದ ಮೂಲವನ್ನು ಹುಡುಕಿ ಸರಿಪಡಿಸಿರಿ; ಸಿಮೆಂಟಿನ ಹೊಸ ಗಾರೆಯಾದರೆ ಕನಿಷ್ಠ 28 ದಿನಗಳಾದರೂ ಕಾಯಿರಿ. ಗೃಹೋಪಯೋಗಿ ಬಣ್ಣಗಳಲ್ಲಿ ಸೀಸದ ಅಂಶ 90 ಪಿಪಿಎಂ ಮೀರಕೂಡದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೆ ಹಿಂದಿನ ಎನಾಮೆಲ್ಲನ್ನು ಕೆರೆದು ತೆಗೆಯಬೇಕಾಗಿ ಬಂದಲ್ಲಿ ದಯವಿಟ್ಟು ನೀರು ಚಿಮುಕಿಸಿ ಕೆರೆಯಿಸಿರಿ, ಆ ಧೂಳನ್ನು ಒರೆಸಿ ತೆಗೆಯುವವರೆಗೆ ಮಕ್ಕಳನ್ನು ದೂರವಿಡಿರಿ.