ಗೃಹಸ್ಥರೊಡನೆ: ನಲವತ್ತು ಕೊರಳಿಗೊಂದು ಶ್ರುತಿ

ಈಚೆಗೆ ಸಾಸ್ವೆಹಳ್ಳಿಯ ಬಂಧುಗಳ ಮನೆಯಲ್ಲಿ ಎರಡು ದಿನ ತಂಗಬೇಕಾಗಿ ಬಂದಿತು. ಬೇರೆ ಊರಿನಲ್ಲಿ ಓದುತ್ತಿರುವ ಒಂಬತ್ತು ವರ್ಷದ ಮೊಮ್ಮಗಳು ರಜೆಗೆಂದು ಅಲ್ಲಿಗೆ ಬಂದಿದ್ದಳು. ದೀಪ ಹಚ್ಚುವ ಹೊತ್ತಿಗೆ ಅಜ್ಜಿಯ ಮಗ್ಗುಲಲ್ಲಿ ಕುಳಿತು ಅವಳು ಪದ ಹೇಳುತ್ತಿದ್ದುದನ್ನು ಕೇಳಿ, “ಶಾಲೆಯಲ್ಲಿಯೂ ಹೀಗೆಯೇ ಹಾಡುತ್ತೀಯೇನಮ್ಮ?” ಎಂದೆನು. “ಇಲ್ಲ ಅಜ್ಜ, ಹಿಂದಿನ ಸಾಲಿನಲ್ಲಿ ನಿಂತು ಬಾಯಿ ಆಡಿಸ್ತೀನಿ, ಅಷ್ಟೆ. ನನ್ನ ದನಿ ಸೇರೋದಿಲ್ಲ ಅಂತ ಮೇಷ್ಟ್ರು ಹೇಳಿದಾರೆ” ಎಂದಳು. ಹೇಳುವಾಗ ಅವಳ ಮುಖದಲ್ಲಿ ದುಃಖವೇನೂ ಇರಲಿಲ್ಲ. ಹಾಡು ತನಗಲ್ಲವೆಂದು ಆಗಲೇ ಒಪ್ಪಿಕೊಂಡಿದ್ದಳು. ನನಗೆ ಕಸಿವಿಸಿಯಾದುದು ಅದರಿಂದಲೇ.

ಆ ಉಪಾಧ್ಯಾಯರನ್ನು ದೂರುವುದು ನನ್ನ ಉದ್ದೇಶವಲ್ಲ. ಅವರು ಸಂಗೀತವನ್ನು ಚೆನ್ನಾಗಿಯೇ ಕಲಿತಿರಬಹುದು. ಆದರೆ ನಮ್ಮಲ್ಲಿ ಸಂಗೀತವನ್ನು ಕಲಿಯುವ ಕ್ರಮವೇ ಗುರುವಿನ ಮುಂದೆ ಒಬ್ಬಿಬ್ಬರು ಶಿಷ್ಯರು ಕುಳಿತು ಕಲಿಯುವುದು. ವಿಷ್ಣು ದಿಗಂಬರ ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ತೆರೆದು ತರಗತಿಯಲ್ಲಿ ಸಂಗೀತವನ್ನು ಕಲಿಸತೊಡಗಿದ ಮೇಲೆ ಬಹಳ ಕಾಲ ಸಂದಿದೆ. ಆದರೂ ನಲವತ್ತು ಮಕ್ಕಳಿಗೆ ಒಟ್ಟಿಗೆ ಹೇಳಿಕೊಡುವುದು ಬೇರೆಯೇ ವಿದ್ಯೆಯೆಂಬುದನ್ನು ನಾವು ಇನ್ನೂ ಪೂರ್ತಿಯಾಗಿ ಒಪ್ಪಿಲ್ಲ. ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳಲ್ಲಿ ತೇರ್ಗಡೆಯಾದವರು ಕಚೇರಿಗೆ ಸಿದ್ಧರಾಗಿರಬಹುದು. ಐದನೆಯ ತರಗತಿಯ ಗದ್ದಲಕ್ಕೆ ಸಿದ್ಧರಾಗುವುದು ಆ ಗದ್ದಲದಲ್ಲಿಯೇ.

ಮೊದಲನೆಯ ತೊಡಕು ಶ್ರುತಿಯದು. ಗಂಡಸಿನ ಕೊರಳು ಮಕ್ಕಳ ಕೊರಳಿಗಿಂತ ಸುಮಾರು ಒಂದು ಸ್ಥಾಯಿ ಕೆಳಗಿರುವುದು. ಉಪಾಧ್ಯಾಯರು ತಮ್ಮ ಕೊರಳಿಗೆ ಒಪ್ಪುವ ಮನೆಯಲ್ಲಿ ಹಾರ್ಮೋನಿಯಂ ಹಿಡಿದು ಹಾಡಿದರೆ, ಕೆಲವು ಮಕ್ಕಳು ತಾವಾಗಿಯೇ ಮೇಲಿನ ಸ್ಥಾಯಿಯಲ್ಲಿ ಹಿಡಿದುಕೊಳ್ಳುವರು. ಉಳಿದವರು ಕೇಳಿದ ದನಿಯನ್ನೇ ಹುಡುಕಿಕೊಂಡು ಕೆಳಗಿಳಿದು, ಸ್ವರ ಸಿಕ್ಕದೆ ಗೊಗ್ಗರು ದನಿಯಲ್ಲಿ ಗುನುಗುವರು. ಇದನ್ನು ಅಪಸ್ವರವೆಂದು ಹೇಳಿ ಮಗುವನ್ನು ಹಿಂದೆ ನಿಲ್ಲಿಸುವುದು ಸುಲಭ. ಅದರ ಬದಲು ಚೆನ್ನಾಗಿ ಹಾಡುವ ಒಂದು ಮಗುವಿನ ಬಾಯಿಂದಲೇ ಮೊದಲು ಹೇಳಿಸಿ, ಉಳಿದವರು ಅದನ್ನು ಹಿಂಬಾಲಿಸುವಂತೆ ಮಾಡಿದರೆ ತೊಡಕು ಬಹುಮಟ್ಟಿಗೆ ಬಿಡಿಸಿಹೋಗುವುದು. ಇನ್ನೊಂದು ಮಾತು: ಮಕ್ಕಳು ಹಾಡುವಾಗ ಉಪಾಧ್ಯಾಯರು ಸುಮ್ಮನಿರಬೇಕು. ತಾವೂ ಗಟ್ಟಿಯಾಗಿ ಹಾಡುತ್ತಿದ್ದರೆ ಯಾರ ದನಿ ಎಲ್ಲಿ ಜಾರಿತೆಂಬುದು ಕೇಳಿಸುವುದಾದರೂ ಹೇಗೆ?

ಎರಡನೆಯದು ಪಾಠದ ಮೊದಲ ಹೆಜ್ಜೆ. ಪುರಂದರದಾಸರು ಹಾಕಿಕೊಟ್ಟರೆಂದು ಪರಂಪರೆ ಹೇಳುವಂತೆ ಸರಳೆಯನ್ನು ಮಾಯಾಮಾಳವಗೌಳದಲ್ಲಿ ಆರಂಭಿಸುವುದು ದಕ್ಷಿಣದ ಪದ್ಧತಿ. ಒಬ್ಬಳೇ ಶಿಷ್ಯೆಗೆ ಅದು ಸರಿಯೆ. ಗುಂಪಿಗಾದರೆ ಮೋಹನವೇ ಮೇಲೆಂದು ನನ್ನ ಅಭಿಪ್ರಾಯ. ಐದೇ ಸ್ವರ, ಷಡ್ಜದ ಪಕ್ಕದಲ್ಲಿಯೇ ನಿಂತು ಜಾರಿಸುವ ಶುದ್ಧ ರಿಷಭದ ಕಾಟವಿಲ್ಲ. ಹಿಂದೂಸ್ಥಾನಿಯವರು ಇದನ್ನೇ ಭೂಪ್ ಎನ್ನುವರು. ಒಂದು ಕಡೆ ಶಿವಮೊಗ್ಗ, ಇನ್ನೊಂದು ಕಡೆ ಹೊಳೆಯಾಚೆಯ ಹಾವೇರಿ, ಗದಗುಗಳಿರುವ ಹೊನ್ನಾಳಿ ಸೀಮೆಯ ಉಪಾಧ್ಯಾಯರಿಗೆ ಎರಡು ಪದ್ಧತಿಗಳ ಪರಿಚಯವೂ ಇರಬೇಕಾದುದೇ. ಗದುಗಿನ ಪಂಚಾಕ್ಷರಿ ಗವಾಯಿಗಳು (1892–1944) ಎರಡರಲ್ಲಿಯೂ ನುರಿತು, ಕಣ್ಣಿಲ್ಲದ ಎಷ್ಟೋ ಮಕ್ಕಳಿಗೆ ಕಿವಿಯ ಬಲದಿಂದಲೇ ವಿದ್ಯೆ ಕೊಟ್ಟರು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು (1914–2010) ಅದೇ ದಾರಿಯಲ್ಲಿ ನಡೆದರು. ದೂರದ ಹಂಗೇರಿಯಲ್ಲಿ ಜೋಲ್ತಾನ್ ಕೊದಾಯ್ (1882–1967) ಎಂಬ ವಾಗ್ಗೇಯಕಾರರು ಶಾಲೆಯ ಸಂಗೀತವು ತಾಯ್ನುಡಿಯ ಜನಪದ ಹಾಡುಗಳಿಂದ ಮೊದಲಾಗಬೇಕೆಂದು ಹಟ ಹಿಡಿದರು. ಆ ನಾಡಿನ ಹಳೆಯ ಹಾಡುಗಳಲ್ಲಿ ಅನೇಕವು ಐದು ಸ್ವರದವೇ. ನಮ್ಮ ಸೋಬಾನೆ, ಬೀಸುವ ಪದಗಳ ಧಾಟಿಗಳಾದರೂ ಕೆಲವೇ ಸ್ವರಗಳಲ್ಲಿ ಸುತ್ತುವಂಥವು. ಉಪಾಧ್ಯಾಯರು ತಿಂಗಳಿಗೊಂದು ಪದವನ್ನು ಊರಿನ ಮುದುಕಿಯರಿಂದ ಕಲಿತು ತರಗತಿಗೆ ತಂದರೆ, ಅವರ ವಿದ್ಯೆಯೂ ಬೆಳೆಯುವುದು, ಮಕ್ಕಳಿಗೂ ಮನೆಯ ಹಾಡು ಶಾಲೆಯಲ್ಲಿ ಸಿಕ್ಕಂತಾಗುವುದು.

ತರಗತಿಯನ್ನು ಎರಡು ಭಾಗ ಮಾಡಿ, ಒಂದು ಭಾಗ ಹಾಡುವಾಗ ಇನ್ನೊಂದು ತಾಳ ಹಾಕುತ್ತ ಕೇಳಲಿ, ಅನಂತರ ಅದಲುಬದಲಾಗಲಿ. ಒಂಟಿಯಾಗಿ ಎದ್ದು ಹಾಡಲು ಅಂಜುವ ಮಗು ಮೂವರ ನಡುವೆ ಅಂಜುವುದಿಲ್ಲ.

ಪ್ರತಿಭಾ ಕಾರಂಜಿಯ ದಿನಗಳು ಬಂದಾಗ ಮಾತ್ರ ಬೇರೆಯೇ ಆಟ. ಬಹುಮಾನ ತರಬಲ್ಲ ಒಂದಿಬ್ಬರಿಗೆ ವಾರಗಟ್ಟಲೆ ಅಭ್ಯಾಸ, ಉಳಿದವರಿಗೆ “ಸುಮ್ಮನೆ ಕುಳಿತಿರಿ.” ಇದರಲ್ಲಿ ನಮ್ಮ ಪಾಲೂ ಇದೆ. ಶಾಲೆಗೆ ಎಷ್ಟು ಬಹುಮಾನ ಬಂದಿತೆಂದು ಕೇಳುವ ನಾವು, ತರಗತಿಯಲ್ಲಿ ಎಷ್ಟು ಮಕ್ಕಳು ಹಾಡುವರೆಂದು ಕೇಳಿದವರಲ್ಲ.

ಸಂಗೀತಕ್ಕೆಂದೇ ಉಪಾಧ್ಯಾಯರಿಲ್ಲದ ಹಳ್ಳಿಯ ಶಾಲೆಗಳೇ ಹೆಚ್ಚೆಂಬುದು ನಿಜ. ಆದರೆ ನಾಡಗೀತೆಯಂತೂ ಇದ್ದೇ ಇದೆ. ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ 2 ನಿಮಿಷ 30 ಸೆಕೆಂಡಿನೊಳಗೆ ಅದನ್ನು ಹಾಡಬೇಕೆಂದು ಸರ್ಕಾರವು 2022ರಲ್ಲಿ ಗೊತ್ತುಮಾಡಿತು. ಆ ಎರಡೂವರೆ ನಿಮಿಷ ಮಕ್ಕಳ ಶ್ರುತಿಯಲ್ಲಿ ನಡೆದರೆ, ಅದೇ ದಿನದ ಸಂಗೀತಪಾಠ.

ಹೊರಡುವ ಹಿಂದಿನ ರಾತ್ರಿ ಒಂದು ಪರೀಕ್ಷೆ ಮಾಡಿ ನೋಡಿದೆನು. ನಾನು ಒಂದು ಸಾಲು ಹೇಳಿಕೊಟ್ಟೆ. ಹುಡುಗಿ ಕೆಳಗಿಳಿದು ಗುನುಗಿದಳು. ಅದೇ ಸಾಲನ್ನು ಅವಳ ಅಜ್ಜಿಯಿಂದ ಹೇಳಿಸಿದೆ. ಮೊದಲ ಸಲಕ್ಕೇ ಸ್ವರಕ್ಕೆ ಸರಿಯಾಗಿ ಕೂಡಿತು. ಅವಳ ತಂದೆ ಅಲ್ಲಿಯೇ ಎಲೆಯಡಿಕೆ ಹಾಕುತ್ತ ಕುಳಿತಿದ್ದರು. ಶಾಲೆ ತೆರೆದ ದಿನ ತಾವೇ ಹೋಗಿ ಮೇಷ್ಟರನ್ನು ಕಂಡು ಮಾತಾಡುವುದಾಗಿ ಹೇಳಿದರು.